ಪರದೆಗೆ ಬಾರದ ಎರಡನೆಯ ಎಚ್ಚರಿಕೆ

ಮಂಗಳವಾರ ಬೆಳಿಗ್ಗೆ ಪೀಣ್ಯದ ಠಾಣೆಗೆ ಬಂದ ನೀಲಾಂಬಿಕಾ ಕುಳಿತುಕೊಳ್ಳಲಿಲ್ಲ. ಅವಳ ಗಂಡ ಪರಮಾನಂದನ ಬಲಗೈ ಮೂರು ದಿನದ ಹಿಂದೆ ಕಾರ್ಖಾನೆಯಲ್ಲಿ ತಗಡು ಒತ್ತುವ ಎರಡನೇ ಪ್ರೆಸ್ಸಿಗೆ ಸಿಕ್ಕಿ ಜಜ್ಜಿಹೋಗಿತ್ತು. ಯಂತ್ರ ಓಡುತ್ತಿರುವಾಗ ಅದರ ರಕ್ಷಣೆಯ ಬಾಗಿಲನ್ನು ಅವನೇ ತೆಗೆದನೆಂದು ಕಾರ್ಖಾನೆಯವರು ಹೇಳುತ್ತಿದ್ದರು.

"ನಮ್ಮ ಮನಿಯವ್ರು ಬಾಗ್ಲಾ ತಗದಿಲ್ರೀ ಮೇಡಂ. ಅದರ ಚಿಲಕ ತಾನ ಸಡ್ಲಾಗಿತ್ತಂತ. ಸುಳ್ಳು ಹೇಳೋ ಮನಷ್ಯಾ ಅಲ್ರೀ ಅವ್ರು."

ಇನ್ಸ್‌ಪೆಕ್ಟರ್ ಮಂಜುಶ್ರೀ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ಮುನಿಕೃಷ್ಣನೊಂದಿಗೆ ಮಧ್ಯಾಹ್ನಕ್ಕೆ ಮುಂಚೆಯೇ ಕಾರ್ಖಾನೆಯಲ್ಲಿದ್ದಳು. ಬಾಗಿಲು ತೆರೆದರೆ ಪ್ರೆಸ್ಸಿನ ಪಕ್ಕದ ಕಂಟ್ರೋಲ್ ಪೆಟ್ಟಿಗೆಯಿಂದ ಮೇಲಿನ ಕೋಣೆಯ ಕಂಪ್ಯೂಟರಿಗೆ ಎಚ್ಚರಿಕೆ ಹೋಗಬೇಕು, ಅಲ್ಲಿಂದ ಯಂತ್ರ ನಿಲ್ಲಬೇಕು. ಆ ದಿನ ಪರದೆಯಲ್ಲಿ ಕಂಡದ್ದು 'ಎಣ್ಣೆ ಕಡಿಮೆ' ಎಂಬುದೊಂದೇ.

"ಅಪಘಾತ ಆದ್ಮೇಲೆ ಈ ಪೆಟ್ಟಿಗೆ ಯಾರು ಮುಟ್ಟಿದ್ರು?" ಎಂದು ಕಾವಲುಗಾರ ನಂಜಪ್ಪನನ್ನು ಕೇಳಿದಳು.

"ಪ್ರೋಗ್ರಾಂ ಮಾಡ್ಕೊಟ್ಟ ಕಂಪನಿ ಅಮರೇಶ್ ಸಾರ್ ಬಂದಿದ್ರು, ಅವತ್ತೇ ಸಾಯಂಕಾಲ. ಲ್ಯಾಪ್‌ಟಾಪ್ ಇಕ್ಕೊಂಡು ಕೂತಿದ್ರು."

"ಒಂದನೇ ಪ್ರೆಸ್ ಹತ್ರಾನೂ ಹೋದ್ರಾ?"

"ಓದ್ರು. ಮಿಷನ್ ಓಡ್ತಿತ್ತು, ಸೂಪರ್‌ವೈಸರ್ ನಿಲ್ಸಕ್ಕೆ ಬಿಡ್ನಿಲ್ಲ."

ಮಂಜುಶ್ರೀಗೆ ದಾರಿ ಕಂಡಿತ್ತು: ಒಂದನೇ ಪೆಟ್ಟಿಗೆಯಲ್ಲಿ ಹಳೆಯ ಪ್ರೋಗ್ರಾಂ ಹಾಗೆಯೇ ಉಳಿದಿರಬೇಕು. ಎರಡೂ ಪ್ರೆಸ್ಸುಗಳನ್ನು ನಿಲ್ಲಿಸಿ, ಎರಡೂ ಪೆಟ್ಟಿಗೆಗಳನ್ನು ಪಂಚರ ಎದುರು ಬಿಚ್ಚಿಸಿ, ಪಂಚನಾಮೆ ಬರೆಸಿ ಮೊಹರು ಹಾಕಿಸಿದಳು.

ಗುರುವಾರ ವಿಧಿವಿಜ್ಞಾನ ಪ್ರಯೋಗಾಲಯದ ಯಮುನಾ ಮಂಜುಶ್ರೀಯ ಎದುರೇ ಎರಡೂ ಪೆಟ್ಟಿಗೆಗಳನ್ನು ಮೇಜಿನ ಮೇಲಿಟ್ಟು, ಎರಡಕ್ಕೂ 'ಎಣ್ಣೆ ಕಡಿಮೆ', 'ಬಾಗಿಲು ತೆರೆದಿದೆ' ಎಂಬ ಎಚ್ಚರಿಕೆಗಳನ್ನು ಒಟ್ಟಿಗೆ ಕೊಟ್ಟಳು. ಅಪಘಾತವಾದ ಪ್ರೆಸ್ಸಿನ ಪೆಟ್ಟಿಗೆ ಎರಡನ್ನೂ ಕಳಿಸಿತು. ಇನ್ನೊಂದು ಮೊದಲನೆಯದನ್ನು ಕಳಿಸಿ ಸುಮ್ಮನಾಯಿತು.

"ಇದು ಸಿ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಲಿಂಕ್ಡ್ ಲಿಸ್ಟ್ ಮೇಡಂ, ಅಂದ್ರೆ ಒಂದಕ್ಕೊಂದು ಪೋಣಿಸಿದ ಪಟ್ಟಿ," ಎಂದಳು ಯಮುನಾ. "ಒಂದೊಂದು ಎಚ್ಚರಿಕೆ ಜೊತೆಗೂ ಮುಂದಿನದು ಮೆಮೊರೀಲಿ ಎಲ್ಲಿದೆ ಅನ್ನೋ ವಿಳಾಸ ಇರತ್ತೆ. ಆ ವಿಳಾಸ ಈ ಪೆಟ್ಟಿಗೆ ಒಳಗೆ ಮಾತ್ರ ಸರಿ. ನೆಟ್‌ವರ್ಕಲ್ಲಿ ಬೇರೆ ಕಂಪ್ಯೂಟರಿಗೆ ಕಳಿಸಿದ್ರೆ ಅರ್ಥ ಇಲ್ಲ."

"ಪೀಣ್ಯದ ಎರಡನೇ ಕ್ರಾಸ್, ಮೂರನೇ ಮನೆ ಅಂತ ಹಿಡ್ಕೊಂಡು ಅತ್ತಿಬೆಲೇಲಿ ಹುಡುಕಿದ ಹಾಗೆ," ಎಂದಳು ಮಂಜುಶ್ರೀ.

"ಹಾಗೇ. ವಿಳಾಸ ಬಿಟ್ಟು, ಒಳಗಿರೋ ವಿಷಯಾನ ಒಂದರ ಹಿಂದೆ ಒಂದು ಸಾಲಾಗಿ ಕಳಿಸ್ಬೇಕು. ಆ ಕಡೆ ಅದನ್ನ ಮತ್ತೆ ಪೋಣಿಸ್ಕೋಬೇಕು. ಹಳೇ ಪ್ರೋಗ್ರಾಮಲ್ಲಿ ಮೊದಲನೇದನ್ನ ಕಳಿಸಿ ಮಿಕ್ಕಿದ್ದು ಕೈಬಿಟ್ಟಿದಾರೆ. ಎರಡನೇ ಪ್ರೆಸ್ಸಿಗೆ ಅಪಘಾತದ ಸಂಜೆ ಹೊಸದು ಹಾಕಿದಾರೆ."

ಶುಕ್ರವಾರ ಅಮರೇಶ್ ಠಾಣೆಗೆ ಬಂದ. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ.

"ಶನಿವಾರ ಸಂಜೆ ಏನು ಮಾಡಿದ್ರಿ?"

"ರೊಟೀನ್ ಸರ್ವೀಸ್ ಮೇಡಂ."

"ಒಂದನೇ ಪ್ರೆಸ್ಸಿಗೆ ಯಾಕೆ ಮಾಡ್ಲಿಲ್ಲ?"

ಮಂಜುಶ್ರೀ ಪ್ರಯೋಗಾಲಯದ ವರದಿಯನ್ನು ಅವನ ಕಡೆ ತಿರುಗಿಸಿಟ್ಟಳು. ಅವನು ಕೊನೆಯವರೆಗೂ ಓದಿ ಅದನ್ನು ಮೇಜಿನ ಮೇಲೆ ಮಗುಚಿಟ್ಟ.

"ನನ್ನ ಲ್ಯಾಪ್‌ಟಾಪಲ್ಲಿ ಕಳಿಸೋದು, ತಗೊಳೋದು ಎರಡೂ ಒಂದೇ ಪ್ರೋಗ್ರಾಮಲ್ಲಿತ್ತು, ಸರಿಯಾಗೇ ಓಡ್ತು. ಕಾರ್ಖಾನೇಲಿ ಎರಡು ಎಚ್ಚರಿಕೆ ಒಟ್ಟಿಗೆ ಬಂದ್ರೆ ಮೇಲಿನ ಕಂಪ್ಯೂಟರ್ ನಿಂತುಹೋಗ್ತಿತ್ತು. ಯಾಕೆ ಅಂತ ಹೊಳೀಲಿಲ್ಲ. ಒಂದನ್ನೇ ಕಳಿಸೋ ಹಾಗೆ ಮಾಡ್ಬಿಟ್ಟೆ."

"ಯಾರನ್ನಾದ್ರೂ ಕೇಳ್ಬಹುದಿತ್ತಲ್ಲ?"

"ನಾನು ಸೀನಿಯರ್ ಮೇಡಂ. ಆಫೀಸಲ್ಲಿ ಎಲ್ರೂ ನನ್ನನ್ನ ಕೇಳ್ತಾರೆ."

ನಿರ್ಲಕ್ಷ್ಯದಿಂದ ತೀವ್ರ ಗಾಯ ಮತ್ತು ಸಾಕ್ಷ್ಯನಾಶದ ಆರೋಪದ ಮೇಲೆ ಸಂಜೆ ಅವನನ್ನು ಬಂಧಿಸಲಾಯಿತು. ಮುನಿಕೃಷ್ಣ ಕರೆದೊಯ್ಯುವಾಗ ಮಂಜುಶ್ರೀ ಒಂದನ್ನು ಮಾತ್ರ ಕೇಳಿದಳು.

"ಸರಿಮಾಡೋಕೆ ಎಷ್ಟು ಹೊತ್ತು ಹಿಡೀತು?"

"ಅವತ್ತು ಒಂದು ಸಂಜೆ," ಎಂದ ಅಮರೇಶ್. "ಕಾಲೇಜಿನ ಹಳೇ ಸ್ನೇಹಿತನಿಗೆ ಫೋನ್ ಮಾಡಿ ಕೇಳ್ದೆ. ತಕ್ಷಣ ಹೇಳ್ದ. ನಗಲೂ ಇಲ್ಲ ಅವನು."