ಎರವಲು ಮಳೆನೀರು

ಫಾಲ್ಗುಣದ ಬಿಸಿಲು. ತಿಕೋಟಾದ ಹೊರವಲಯದ ಕಣಗಳಲ್ಲಿ ಬಿಳಿಜೋಳದ ರಾಶಿ ಬಿದ್ದಿತ್ತು. ಕಣ ತುಳಿದು ದಣಿದ ಎತ್ತುಗಳು ಬೇವಿನ ನೆರಳಲ್ಲಿ ನಿಂತು ಮೆಲುಕು ಹಾಕುತ್ತಿದ್ದವು. ತೂರುವುದಕ್ಕೆ ಎಲ್ಲ ಸಿದ್ಧವಾಗಿತ್ತು. ಗಾಳಿ ಮಾತ್ರ ಇರಲಿಲ್ಲ.

ಗುರುಬಸವ್ವ ಮೂರು ಕಾಲಿನ ಎತ್ತರದ ಮಣೆಯ ಮೇಲೆ ಬುಟ್ಟಿ ಹಿಡಿದು ನಿಂತು ಬಹಳ ಹೊತ್ತಾಗಿತ್ತು. ಕೆಳಗೆ ಅವಳ ತಾಯಿ ತಿಪ್ಪವ್ವ ಎತ್ತುಗಳಿಗೆ ಬಕೆಟ್ಟಿನಲ್ಲಿ ನೀರು ಇಡುತ್ತಿದ್ದಳು.

"ಅಕ್ಕೋರ, ಈ ಊರಾಗ ಗಾಳಿ ಯಾವ ಕಡಿಂದ ಬರ್ತೈತ್ರಿ?"

ಗುರುಬಸವ್ವ ಬೆಚ್ಚಿ ತಿರುಗಿದಳು. ಸೈಕಲ್ಲಿಗೆ ಎರಡು ಉದ್ದನೆಯ ಕಟ್ಟಿಗೆಯ ರೆಕ್ಕೆ ಕಟ್ಟಿಕೊಂಡು ಒಬ್ಬ ಅಪರಿಚಿತ ನಿಂತಿದ್ದ. ಅವಳು ಊರ ಬಾಲವಾಡಿಯಲ್ಲಿ ಕಲಿಸುವ ಅಕ್ಕೋರು ಎಂದು ಯಾರೋ ಹೇಳಿ ಕಳಿಸಿರಬೇಕು.

"ಬಂದ್ರ ಹೇಳ್ತೇನ್ರಿ. ನಾವೂ ಅದಕ್ಕ ಕಾಯಾಕತ್ತೇವಿ."

"ನಾ ಅದನ್ನ ಹಿಡದಿಡಾಕ ಬಂದೇನ್ರಿ."

"ಗಾಳಿ ಹಿಡದಿಡಾಕ? ಚೀಲ ತಂದೀರೇನು?"

"ಇಲ್ರೀ... ಜಾಡಿ ತಂದೇನಿ."

ಹುಚ್ಚನೇ? ಅವಳು ಇನ್ನೇನೋ ಅನ್ನುವಷ್ಟರಲ್ಲಿ ಪಡುವಣದಿಂದ ಗಾಳಿ ಒಮ್ಮೆಲೇ ಬೀಸಿತು. ಕೈ ರೂಢಿಯಂತೆ ಬುಟ್ಟಿ ವಾಲಿಸಿತು. ಕಾಳು ಕೆಳಗೆ ಸುರಿಯಿತು. ಹೊಟ್ಟೆಲ್ಲ ಅವನ ತಲೆ, ಅಂಗಿ, ಕಣ್ಣಿನ ಮೇಲೆ!

"ಅಯ್ಯ ಶಿವನ!" ಎಂದು ಅವಳು ಬಾಯಿ ಮುಚ್ಚಿಕೊಂಡಳು.

ಅವನು ಕಣ್ಣು ಒರೆಸಿಕೊಳ್ಳಲೂ ಇಲ್ಲ. ರಾಶಿಯಿಂದ ಹೊಟ್ಟು ಬಿದ್ದ ಕೊನೆಯವರೆಗೆ ದೊಡ್ಡ ಹೆಜ್ಜೆ ಹಾಕುತ್ತ ಎಣಿಸಿದ.

"ಹನ್ನೆರಡು ಹೆಜ್ಜಿ! ಇಷ್ಟ ಗಾಳಿ ಸಾಕ್ರಿ ಅಕ್ಕೋರ, ನಿಮ್ಮ ರೇಡಿಯೋ ಹಾಡ್ತೈತಿ!"

ಹಾಗೆಂದು ನಕ್ಕ. ಮೈತುಂಬ ಹೊಟ್ಟು, ನಡುವೆ ಆ ನಗು... ಗುರುಬಸವ್ವ ಬುಟ್ಟಿ ತುಂಬಿಕೊಳ್ಳುವುದನ್ನೇ ಮರೆತಳು.

'ಇಂವಾ ನನ್ನ ನೋಡಿ ನಕ್ಕನೋ, ಹೊಟ್ಟು ನೋಡಿ ನಕ್ಕನೋ?'

ಅವನ ಹೆಸರು ಅಮರಪ್ಪ. ಅರಕೇರಿಯವನು. ವಿಜಾಪುರದ ಗಾಂಧಿ ಚೌಕದ ಓಣಿಯೊಂದರಲ್ಲಿ ಲಾರಿಗಳ ಬ್ಯಾಟರಿ ಚಾರ್ಜ್ ಮಾಡುವ ಅಂಗಡಿ ಇಟ್ಟಿದ್ದ.

ತಿಕೋಟಾದ ಪಂಚಾಯತಿ ರೇಡಿಯೋ ಶಾಲೆಯ ಪಡಸಾಲೆಯಲ್ಲಿತ್ತು. ಕೀಲಿಕೈ ಗುರುಬಸವ್ವನ ಹತ್ತಿರ. ಮಧ್ಯಾಹ್ನ ಧಾರವಾಡದಿಂದ ಹೆಣ್ಣುಮಕ್ಕಳ ಕಾರ್ಯಕ್ರಮ ಬಂದರೆ ಇಪ್ಪತ್ತು ಮೂವತ್ತು ಹೆಂಗಸರು ಅಡುಗೆ ಮುಗಿಸಿ ಬಂದು ಕೂಡುತ್ತಿದ್ದರು. ಮನೆ, ಹೊಲ ಬಿಟ್ಟರೆ ಅವರಿಗೆ ಇದ್ದ ಜಾಗ ಅದೊಂದೇ. ಆದರೆ ರೇಡಿಯೋದ ಒಣ ಬ್ಯಾಟರಿ ನಾಲ್ಕು ತಿಂಗಳಿಗೆ ತೀರುತ್ತಿತ್ತು. ಎಸೆದು ಹೊಸದು ತರಬೇಕು. ಹೊಸದು ಬರುವ ತನಕ ರೇಡಿಯೋ ಮೂಕ.

ಪಂಚಾಯತಿ ಅಧ್ಯಕ್ಷ ಹಣಮಂತರಾಯನಿಗೆ ಇದೇ ನೆಪ ಸಾಕಿತ್ತು.

"ಹಾಡಲಾರದ ರೇಡಿಯೋ ಸಾಲ್ಯಾಗ ಯಾಕ? ಚಾವಡಿಗೆ ತರ್ರಿ. ನಾವು ನೋಡ್ಕೋತೇವಿ."

ಚಾವಡಿಗೆ ಹೆಂಗಸರು ಕಾಲಿಡುವಂತಿರಲಿಲ್ಲ. ಅದು ಎಲ್ಲರಿಗೂ ಗೊತ್ತು.

ಗುರುಬಸವ್ವ ಅಂದು ಎಲ್ಲರ ಮುಂದೆ ಎದ್ದು ನಿಂತಿದ್ದಳು. "ಒಗಿಯೂದು ಬ್ಯಾಡಾದ ಹೊಸಾ ಥರದ ಬ್ಯಾಟರಿ ವಿಜಾಪುರದಾಗ ಮಾಡ್ತಾರಂತ್ರಿ. ಕಾರ ಹುಣ್ಣಿಮಿತನಾ ಅದರ ಮ್ಯಾಲ ನಡಸಿ ತೋರಸ್ತೇನಿ. ಹುಣ್ಣಿಮಿ ದಿನ ರೇಡಿಯೋ ಮಾತಾಡಲಿಲ್ಲಂದ್ರ ನೀವ ಹೊತ್ಕೊಂಡ ಹೋಗ್ರಿ."

ಆಡಿದ ಮಾತು. ಇನ್ನು ಅದು ಅವಳ ಮರ್ಯಾದೆ. ಮರುದಿನವೇ ವಿಜಾಪುರಕ್ಕೆ ಹೇಳಿ ಕಳಿಸಿದ್ದಳು; ಕಣಕ್ಕೆ ಬಂದು ಹೊಟ್ಟು ಮೆತ್ತಿಕೊಂಡವನು ಅದಕ್ಕೇ ಬಂದವನು.

ಅಮರಪ್ಪ ಶಾಲೆಯ ಮಾಳಿಗೆ ಮೇಲೆ ಕಂಬ ನೆಟ್ಟ. ಹಳೆಯ ಲಾರಿಯ ಡೈನಮೋಗೆ ರೆಕ್ಕೆ ಕೂಡಿಸಿದ. ಕೆಳಗೆ ಮೂರು ಗಾಜಿನ ಜಾಡಿ, ಒಳಗೆ ಸೀಸದ ಪಟ್ಟಿಗಳು, ಅವು ಮುಳುಗುವಷ್ಟು ಆಸಿಡ್ಡು. ಗಾಳಿ ಬೀಸಿದಾಗ ಚಕ್ರ ತಿರುಗಬೇಕು, ಜಾಡಿ ತುಂಬಬೇಕು. ಗಾಳಿ ನಿಂತಾಗ ಅದೇ ಜಾಡಿಯಿಂದ ರೇಡಿಯೋ ಹಾಡಬೇಕು.

ಹೆಂಗಸರು ಸುತ್ತ ನೆರೆದರು. ಅವರಲ್ಲಿ ಎಲ್ಲರಿಗಿಂತ ಹಿರಿಯಳಾದ ಹುಲಿಗೆವ್ವ ಕೇಳಿದಳು, "ಯಪ್ಪಾ, ಗಾಳಿ ಜಾಡ್ಯಾಗ ಹೆಂಗ ಕೂಡತೈತೋ?"

ಅಮರಪ್ಪ ತಲೆ ಕೆರೆದುಕೊಂಡ. "ಅಜ್ಜಿ, ಒಣಾ ಸೆಲ್ಲು ಅಂದ್ರ ಬಾಡಗಿ ಆಳು. ದುಡದು ಹೋಗಿಬಿಡ್ತಾನ. ಇದು ಮನಿ ಎತ್ತು ಇದ್ದಂಗ. ಮೇಯಿಸಿದ್ರ ಮತ್ತ ದುಡೀತೈತಿ. ದುಡದ ಮ್ಯಾಲ ನೀರ ಕುಡಸೂದು ಮಾತ್ರ ಮರೀಬಾರದು."

"ಹಂಗನ್ನು ಮತ್ತ!" ತಿಪ್ಪವ್ವ ತಲೆದೂಗಿದಳು. ಎತ್ತಿನ ವಿಚಾರ ಅಂದರೆ ಆಕೆಗೆ ಬೇರೆ ಹೇಳಬೇಕಾಗಿರಲಿಲ್ಲ.

ರೇಡಿಯೋ ಹಾಡಿತು. ಮೊದಲ ನಾಲ್ಕು ವಾರ ಅಮರಪ್ಪ ತಪ್ಪದೆ ಮುಂಜಾನೆಯ ಬಸ್ಸಿಗೆ ಬಂದ. ಜಾಡಿಯೊಳಗೆ ಆಸಿಡ್ಡು ಅಳೆಯುವ ಗಾಜಿನ ಕೊಳವೆ ಇಳಿಸುವನು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡುವನು, ಇಳಿದಷ್ಟು ನೀರು ಹಾಕುವನು. ಗುರುಬಸವ್ವ ತಂದ ಚಹಾ ಆರಿ ತಣ್ಣಗಾಗುವುದು.

'ಜಾಡಿ ನೋಡಾಕ ಇಷ್ಟ ದೂರ ಬರ್ತಾನೇನು? ನೋಡಿದ್ರ ಜಾಡಿನ್ನ ನೋಡ್ತಾನ... ನಾ ಆ ಕಡೆ ತಿರಗಿದಾಗ?' ಅವಳಿಗೆ ತಿಳಿಯದು. ತಿಳಿಯದ್ದಕ್ಕೆ ತನ್ನ ಮೇಲೇ ಸಿಟ್ಟು.

ಐದನೆಯ ವಾರ ಅವನು ಅರಗು ಹಚ್ಚಿ ಮುಚ್ಚಿದ ಕಂದು ಬಾಟಲಿಯೊಂದನ್ನು ಅವಳ ಕೈಗಿಟ್ಟ.

"ಬಬಲೇಶ್ವರದಾಗ ಇನ್ನೊಂದು ಚಕ್ರ ಕೂಡಸೂದೈತ್ರಿ. ಎರಡು ತಿಂಗಳ ಬರಾಕ ಆಗೂದಿಲ್ಲ. ಜಾಡ್ಯಾಗ ನೀರು ಗೆರಿಗಿಂತ ಕೆಳಗ ಇಳದ್ರ ಇದನ್ನ ಹಾಕ್ರಿ."

"ಏನಿದು?"

"ಮಳಿನೀರು. ಭಾವಿ ನೀರು ಇದಕ್ಕ ನಡಿಯೂದಿಲ್ಲ. ಹ್ವಾದ ಶ್ರಾವಣದಾಗ ನಾನ ಬಿಳೇ ಧೋತರ ಕಟ್ಟಿ ಹಿಡದದ್ದು. ಇದು ಎರವಲ್ರಿ ಅಕ್ಕೋರ, ಬಾಟಲಿ ತಿರಗಿ ಕೊಡಬೇಕು."

"ಕೊಡ್ತೇನೇಳ್ರಿ. ನುಂಗಾಂಗಿಲ್ಲ."

ಅವನು ಹೋದ. ಪೋಸ್ಟ್‌ಕಾರ್ಡು ಬಂದವು. 'ಜಾಡಿಯ ಆರೋಗ್ಯ ತಿಳಿಸುವುದು.' ಅಷ್ಟೇ! ಅವಳು ನಾಲ್ಕು ಸಾಲು ಬರೆದು ಹರಿದುಹಾಕಿ, ಕೊನೆಗೆ ಬರೆದದ್ದೂ ಅಷ್ಟೇ. 'ಜಾಡಿ ಕ್ಷೇಮ.'

ವಾರಕ್ಕೊಮ್ಮೆ ಅವಳು ಜಾಡಿ ನೋಡುವಳು. ನೀರು ಗೆರೆಯ ಮಟ್ಟಕ್ಕೇ ಇರುತ್ತಿತ್ತು. ಬಾಟಲಿ ತೆರೆಯಬೇಕಾಗಿರಲಿಲ್ಲ. ಒಳಗೊಳಗೆ ಅವಳಿಗೆ ಹಿತವಾಯಿತು. ತೆರೆದರೆ ತೀರುತ್ತದೆ, ತೀರಿದರೆ ಬಾಟಲಿ ತಿರುಗಿ ಕೊಡಬೇಕು... ಟ್ರಂಕಿನಲ್ಲಿ ಸೀರೆಗಳ ನಡುವೆ ಅದನ್ನು ಇಟ್ಟುಕೊಂಡಳು.

ಕಾರ ಹುಣ್ಣಿಮೆಗೆ ಇನ್ನು ಆರು ದಿನ. ಮಧ್ಯಾಹ್ನ ಹೆಂಗಸರು ಕೂತಿದ್ದಾಗ ರೇಡಿಯೋದ ದನಿ ಸಣ್ಣಗಾಯಿತು, ಗೊರಗುಟ್ಟಿತು, ನಿಂತಿತು. ಮಾಳಿಗೆಯ ಮೇಲೆ ಚಕ್ರ ಭರ್ರನೆ ತಿರುಗುತ್ತಲೇ ಇತ್ತು!

ಸುದ್ದಿ ಚಾವಡಿಗೆ ಮುಟ್ಟಲು ತಡವಾಗಲಿಲ್ಲ.

"ಗಾಳಿ ನಂಬಿ ಸಂಸಾರ ಹೂಡಿದ್ರ ಹಿಂಗ ಆಗೂದು," ಹಣಮಂತರಾಯ ಮೀಸೆಯಲ್ಲೇ ನಕ್ಕ. "ಹುಣ್ಣಿಮಿ ದಿನ ಬಂಡಿ ಕಳಸ್ತೇನವ್ವಾ ರೇಡಿಯೋಕ್ಕ."

ಪೋಸ್ಟ್‌ಕಾರ್ಡಿಗೆ ಕಾಯುವ ಹೊತ್ತಲ್ಲ ಇದು. ಬಸ್ಸಿನವನ ಕೈಯಲ್ಲಿ ಚೀಟಿ ಕಳಿಸಿದಳು. ಮರುದಿನ ಅಮರಪ್ಪ ಓಡಿ ಬಂದ. ಜಾಡಿಗೆ ಬೆಳಕು ಹಿಡಿದ. ಅವನ ಮುಖ ಬಿಳಿಚಿತು. ಪಟ್ಟಿಗಳು ಸವೆದುಹೋಗಿದ್ದವು. ತಳದಲ್ಲಿ ಕೆಸರು.

"ಬಾಟಲಿ ತರ್ರಿ."

ತಂದಳು. ಅರಗು ಒಡೆದಿರಲಿಲ್ಲ.

"ಬಾಟಲಿನೂ ತುಂಬೇತಿ, ಜಾಡಿನೂ ತುಂಬ್ಯಾವ. ಯಾವ ನೀರ ಹಾಕಿದ್ರಿ ಅಕ್ಕೋರ?"

"ನಾ ಹನಿ ಹಾಕಿಲ್ರಿ. ಇಳದಿರಲಿಲ್ಲ."

"ಬ್ಯಾಸಗ್ಯಾಗ ತಾನ ತುಂಬಕೊಳ್ಳೂ ಜಾಡಿ ನಾ ಎಲ್ಲೂ ಕಂಡಿಲ್ಲ."

"ಅಂದ್ರ? ನಾ ಸುಳ್ಳ ಹೇಳಾಕತ್ತೇನೇನು?" ಅವಳ ದನಿ ಏರಿತು. "ನಿಮ್ಮ ಮಾಲು ಕೆಟ್ಟರ ನನ್ನ ಮ್ಯಾಲ ಹಾಕ್ತೀರೇನು?"

ಅವನು ಬಾಗಿ ತಂತಿಗಳನ್ನು ಬಿಚ್ಚಿದ. ಜಾಡಿಗಳನ್ನು ಗೋಣಿಯಲ್ಲಿ ಸುತ್ತಿಕೊಂಡು ಬಸ್ ಹತ್ತಿದ. ತಿರುಗಿ ನೋಡಲೂ ಇಲ್ಲ.

ಗುರುಬಸವ್ವ ಎರಡು ದಿನ ಅನ್ನ ಸೇರದೆ ಕೂತಳು. ಹೌದಲ್ಲ... ಬೇಸಿಗೆಯಲ್ಲಿ ನೀರು ಇಳಿಯಲಿಲ್ಲ ಯಾಕೆ? ಅದನ್ನು ತಾನು ಕೇಳಿಕೊಳ್ಳಲೇ ಇಲ್ಲ. ಬಾಟಲಿ ಉಳಿಯಿತಲ್ಲ ಎಂದು ಹಿಗ್ಗಿದಳು! ತಪ್ಪು ಅವನದೋ, ತನ್ನದೋ? ಸಿಟ್ಟು ಯಾರ ಮೇಲೆ, ಈ ಅಳು ಯಾರಿಗಾಗಿ?

ಮೂರನೆಯ ದಿನ ಸಂಜೆ ತಿಪ್ಪವ್ವ ಹೊಲದಿಂದ ಬಂದ ಎತ್ತಿನ ಮೈ ತಿಕ್ಕಿ, ಬಕೆಟ್ಟಿನ ನೀರಿಗೆ ಒಂದು ಹಿಡಿ ಉಪ್ಪು ಹಾಕಿ ಕಲಸುತ್ತಿದ್ದಳು. ದುಡಿದ ಎತ್ತಿಗೆ ಉಪ್ಪು ನೀರು. ಅದು ಆ ಮನೆಯ ರೂಢಿ.

"ಪಾಪ, ಆ ಸಾಲಿ ಎತ್ತಿಗೆ ಏನ ಜಡ್ಡು ಬಂತೋ," ತಿಪ್ಪವ್ವ ನಿಟ್ಟುಸಿರಿಟ್ಟಳು. "ವಾರವಾರ ಮುಂಜಾನಿ ನಿನ್ನ ಕೀಲಿಕೈ ತಗೊಂಡು ಸಾಲಿ ಕಸಾ ಹೊಡಿಯಾಕ ಹ್ವಾದಾಗ ಅದಕ್ಕೂ ಕುಡಸಿ ಬರ್ತಿದ್ದೆ."

"...ಏನ ಕುಡಸಿದಿ ಬೇ?"

"ಇದನ್ನ. ಉಪ್ಪು ನೀರು. ಅಂವನ ಹೇಳಿದ್ನಲ್ಲ, ದುಡೀತೈತಿ, ನೀರ ಕುಡಸ್ರಿ ಅಂತ. ಬರೇ ನೀರಾಗ ಏನ ಕಸುವು?"

ಗುರುಬಸವ್ವ ಕೊಟ್ಟಿಗೆಯ ಕಂಬ ಹಿಡಿದು ಕೂತುಬಿಟ್ಟಳು. ನಗು ಬಂತು, ಅದರ ಬೆನ್ನಿಗೇ ಕಣ್ಣೀರು. ತಾಯಿಗೆ ಒಂದೂ ತಿಳಿಯದೆ, "ಹುಡಿಗಿಗೆ ಬಿಸಲ ಬಡದೈತಿ" ಎಂದು ಮಜ್ಜಿಗೆ ತರಲು ಓಡಿದಳು.

ಮರುದಿನ ಮೊದಲ ಬಸ್ಸು. ಮಡಿಲಲ್ಲಿ ಕಂದು ಬಾಟಲಿ. ಗಾಂಧಿ ಚೌಕದ ಗದ್ದಲದಲ್ಲಿ ಇಳಿದು ದಾರಿ ತಪ್ಪಿದಳು. ಸೈಕಲ್ ಅಂಗಡಿಯ ಮಶಾಕಸಾಬ ಕೈ ತೋರಿಸಿದ.

"ಅಮರಪ್ಪನ ಅಂಗಡಿ? ಅದ ನೋಡವ್ವಾ. ಮೂರು ದಿನ ಆತು, ಊಟ ಇಲ್ಲ ಮಾತಿಲ್ಲ. ಯಾವದೋ ಜಾಡಿ ಸತ್ತಾವಂತ, ಮನ್ಯಾಗಿನ ಮಂದಿ ಸತ್ತಂಗ ಕುಂತಾನ!"

ಅಮರಪ್ಪ ಬಾಗಿಲಿಗೆ ಬೆನ್ನು ಮಾಡಿ ಹೊಸ ಪಟ್ಟಿಗಳನ್ನು ಜೋಡಿಸುತ್ತಿದ್ದ.

"ಉಪ್ಪು," ಎಂದಳು ಗುರುಬಸವ್ವ.

ಅವನು ತಿರುಗಿದ. "ಗೊತ್ತಾತ್ರಿ. ಪರೀಕ್ಷಾ ಮಾಡಿದೆ. ಉಪ್ಪು ಯಾಕ ಹಾಕಿದ್ರು ಅನ್ನೂದೊಂದು ಗೊತ್ತಾಗಲಿಲ್ಲ." ನೆಲ ನೋಡುತ್ತ ಅಂದ, "ನಾ ಬರೂದು ನಿಮಗ ಬ್ಯಾಡಾಗಿರಬೇಕು, ಬಾಯಿಬಿಟ್ಟ ಹೇಳಲಾರದ ಹಿಂಗ ಮಾಡ್ಯಾರ ಅಂತ ತಿಳದೆ."

"ನಾನು?! ನೀವು ಬರೂದು ಬ್ಯಾಡ ಅಂತ?" ಅವಳು ಬಾಟಲಿಯನ್ನು ಅವನ ಮುಂದೆ ಹಿಡಿದಳು. "ಬಾಟಲಿ ತೀರಿದ್ರ ತಿರಗಿ ಕೊಡಬೇಕಾಗ್ತೈತಿ ಅಂತ... ನಾ ಅದನ್ನ ಸೀರ್ಯಾಗ ಸುತ್ತಿ ಇಟ್ಟಿದ್ದೆ. ನೀವು ಬರೀ ಜಾಡಿ ಆರೋಗ್ಯ ಕೇಳ್ತಿದ್ರಿ!"

"ಬ್ಯಾರೆ ಏನ ಕೇಳ್ಬೇಕು ಅಂತ ತಿಳೀಲಿಲ್ಲರೀ... ಜಾಡಿ ಅಂತ ಬರದಲ್ಲೆಲ್ಲ ನಿಮ್ಮ ಹೆಸರ..."

ಅಂಗಡಿಯಲ್ಲಿ ಚಾರ್ಜಿಗೆ ಇಟ್ಟ ಬ್ಯಾಟರಿಗಳು ಮೆಲ್ಲಗೆ ಗುಳುಗುಳು ಅನ್ನುತ್ತಿದ್ದವು.

ಆಮೇಲೆ ಅವಳು ತಾಯಿಯ ಸಂಗತಿ ಹೇಳಿದಳು. ಅಮರಪ್ಪ ಹಣೆ ಬಡಿದುಕೊಂಡ.

"ಎತ್ತು ಅಂದಾಂವ ನಾನ! ಎತ್ತಿಗೆ ಏನ ಕುಡಸ್ತೀರಿ ಅಂತ ಕೇಳಬೇಕಿಲ್ಲೇನು? ನಾನೂ ಅರಕೇರಿ ಒಕ್ಕಲಿಗರ ಮನಿ ಮಗ, ಮರತ ಬಿಟ್ಟೆ."

ಕಾರ ಹುಣ್ಣಿಮೆ. ಕೋಡಿಗೆ ಬಣ್ಣ ಬಳಿದ ಎತ್ತುಗಳು ಓಣಿಯಲ್ಲಿ ನಿಂತಿದ್ದವು. ಹಣಮಂತರಾಯನ ಬಂಡಿ ಶಾಲೆಯ ಮುಂದೆ ಬಂದಿತ್ತು. ಅಮರಪ್ಪ ಹಿಂದಿನ ರಾತ್ರಿಯೆಲ್ಲ ಅಂಗಡಿಯಲ್ಲಿ ಚಾರ್ಜ್ ಮಾಡಿದ ಹೊಸ ಜಾಡಿಗಳನ್ನು ಜೋಡಿಸಿ ಎದ್ದ.

"ತಪ್ಪು ನಂದ್ರಿ ಅಧ್ಯಕ್ಷರ. ನಾ ಸರಿಯಾಗಿ ತಿಳಿಸಿ ಹೇಳಲಿಲ್ಲ."

"ಸುಳ್ಳ!" ತಿಪ್ಪವ್ವ ಸೆರಗು ಬಿಗಿದು ಮುಂದೆ ಬಂದಳು. "ಉಪ್ಪು ನೀರ ಕುಡಸಿದಾಕಿ ನಾನು. ಹಣಮಂತರಾಯ, ಇವತ್ತ ನಿನ್ನ ಎತ್ತಿಗೆ ಏನ ಕುಡಸಿ ಬಂದಿ? ಹೇಳು!"

ಹಣಮಂತರಾಯ ಸುತ್ತ ನೋಡಿದ. "...ಉಪ್ಪು ನೀರ, ಚಿಗವ್ವ."

"ಮತ್ತ?"

ಹೆಂಗಸರು ಗೊಳ್ಳೆಂದರು. ಅಷ್ಟರಲ್ಲಿ ಗುರುಬಸವ್ವ ಗುಂಡಿ ತಿರುವಿದಳು. ಒಂದು ಗಳಿಗೆ ಬರೀ ಗೊರಗೊರ... ಉಸಿರು ಬಿಗಿಹಿಡಿದಳು. ಧಾರವಾಡ ಮಾತಾಡಿತು!

ಹಣಮಂತರಾಯ ಸ್ವಲ್ಪ ಹೊತ್ತು ನಿಂತು ಕೇಳಿದ. ಆಮೇಲೆ ಬಂಡಿ ತಿರುಗಿಸಲು ಹೇಳಿದ. "ಇಲ್ಲೇ ಇರ್ಲಿ. ಆದ್ರ ತಿಪ್ಪವ್ವನ ಕೈಯಾಗ ಕೀಲಿಕೈ ಕೊಡಬ್ಯಾಡ್ರಿ."

ಜನ ಚದುರಿದರು. ಪಡಸಾಲೆಯಲ್ಲಿ ಇಬ್ಬರೇ. ಮಾಳಿಗೆಯ ಮೇಲೆ ಚಕ್ರ ತಿರುಗುತ್ತಿತ್ತು. ಅಮರಪ್ಪ ಬಾಟಲಿಯ ಅರಗು ಒಡೆದು ಜಾಡಿಗಳಿಗೆ ಹನಿಹನಿಯಾಗಿ ಗೆರೆಯವರೆಗೆ ನೀರು ಹಾಕಿದ. ಖಾಲಿಯಾದ ಬಾಟಲಿಯನ್ನು ನೆಲದ ಮೇಲಿಟ್ಟ.

"ಎರವಲು ತೀರಿತಲ್ರಿ," ಎಂದು ಕೈ ಚಾಚಿದ. "ಬಾಟಲಿ ತಿರಗಿ ಕೊಡ್ತೀರೇನು, ಅಕ್ಕೋರ?"

ಅವಳು ಬಾಟಲಿಯನ್ನು ಎತ್ತಿ ಸೆರಗಿನಲ್ಲಿ ಸುತ್ತಿಕೊಂಡಳು.

"ಅಕ್ಕೋರ ಅಂದ್ರ ಕೊಟ್ಟಬಿಡ್ತೇನಿ."

ಅವನು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡ. ಕಿವಿ ಕೆಂಪಾದವು.

"...ಗುರುಬಸವ್ವ."

"ಹಂಗಾದ್ರ ಕೊಡೂದಿಲ್ಲ," ಎಂದಳು. "ಶ್ರಾವಣ ಬರ್ಲಿ. ಧೋತರದ ಆ ತುದಿ ನೀ ಹಿಡಿ, ಈ ತುದಿ ನಾ ಹಿಡೀತೇನಿ."