ಶೀತರಕ್ತವೋ, ಬಿಸಿರಕ್ತವೋ?

"ಶೀತರಕ್ತ ಅಂತ ಬರೆದುಕೊಟ್ಟಿದ್ದೆ! ಅಳಿಸಿದ್ದು ಯಾರು?"

ವನಮಾಲಾ ಟೀಚರ ದನಿಗೆ ಕುಮಟಾದ ಆ ಹೈಸ್ಕೂಲಿನ ಪ್ರಯೋಗಾಲಯವೇ ಗಪ್‌ಚುಪ್. ಎರಡು ಸಾವಿರದ ಒಂದರ ವಿಜ್ಞಾನ ವಸ್ತುಪ್ರದರ್ಶನಕ್ಕೆ ಎರಡೇ ದಿನ ಉಳಿದಿತ್ತು. ಬೇಟೆಗಾರ ಡೈನೋಸಾರ್ ಚಿತ್ರದ ಕೆಳಗೆ ‘ಬಿಸಿರಕ್ತ’ ಎಂದು ದಪ್ಪ ಅಕ್ಷರ!

"ನಾನೇ," ಎಂದ ಜಗದೀಶ. ಮೀನುಗಾರರ ಮನೆಯವನು, ದೋಣಿಗಳಿಗೆ ಬಣ್ಣ ಬಳಿದು ಹೆಸರು ಬರೆಯುವವನು. ಒಂದು ವಾರದಿಂದ ಶಾಲೆಯ ಬೋರ್ಡುಗಳನ್ನು ಬರೆಯುತ್ತಿದ್ದ. "ಅಷ್ಟು ಓಡಿ ಬೇಟೆ ಆಡೂದು ತಣ್ಣಗೆ ಇರ್ತದ್ಯಾ ಟೀಚರೇ? ಗೇದರ ಮೀನು ಹಿಡಿದ ಕೂಡ್ಲೇ ಕೊಯ್ದು ನೋಡಿ. ಒಳಗೆ ಬೆಚ್ಚಗಿರ್ತದೆ."

ಆರು ಪೀರಿಯಡ್ ಕೂಗಿ ಅವಳ ಗಂಟಲು ಒಣಗಿತ್ತು.

"ಮೀನು ಹಿಡಿಯೋರು ನಂಗೆ ಪಾಠ ಮಾಡೂದು ಬೇಡ!"

ಅವನ ಮುಖ ಸಣ್ಣದಾಯಿತು. ಕುಂಚ ತೊಳೆದಿಟ್ಟು ಹೊರಟೇಹೋದ.

ಛೆ... ಎಂಥ ಮಾತಾಡಿಬಿಟ್ಟೆ! ಅವನು ಬರುವ ಹೊತ್ತಿಗೆ ಸರಿಯಾಗಿ ತಾನು ಕಿಟಕಿಯ ಬಳಿ ನಿಲ್ಲುತ್ತಿದ್ದುದು ಯಾಕೆಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಇನ್ನು ಅವನು ಬಾರದೇ ಹೋದರೆ?

ಬಸ್ಸಿಳಿದು ಭಟ್ಕಳದ ಮನೆ ಸೇರುವಾಗ ಕಾಲೆತ್ತಿಡಲೂ ತ್ರಾಣವಿರಲಿಲ್ಲ. ಅಮ್ಮ ದುರ್ಗಿ ಮೀನಿನ ಬುಟ್ಟಿ ತೊಳೆಯುತ್ತಿದ್ದಳು. ಆ ಬುಟ್ಟಿಯ ಸುದ್ದಿಯನ್ನು ವನಮಾಲಾ ಶಾಲೆಯಲ್ಲಿ ಒಬ್ಬರಿಗೂ ಹೇಳಿರಲಿಲ್ಲ.

"ಅಮ್ಮಾ, ಗೇದರ ಒಳಗೆ ಬೆಚ್ಚಗಿರ್ತದ್ಯಾ?"

"ಮತ್ತೆಂತ? ನಿನ್ನಪ್ಪನ ದೋಣಿ ದಡಕ್ಕೆ ಬಂದ ಕೂಡ್ಲೇ ಎಷ್ಟು ಸಲ ಕೊಯ್ದಿಲ್ಲ ನಾನು! ನಿಂಗೆ ನನ್ನತ್ರ ಕೇಳೂಕೆ ಪುರ್ಸೊತ್ತೇ ಇರ್ಲಿಲ್ಲ."

ವನಮಾಲಾಳ ಕಣ್ಣು ತುಂಬಿತು. ಪುಸ್ತಕ ತೆಗೆದು ನೋಡಿದರೆ ಅಲ್ಲೂ ಅದೇ. ಗೇದರ, ಅಂದರೆ ಟ್ಯೂನಾದಂಥ ಮೀನುಗಳು ಮೈ ಬೆಚ್ಚಗಿಟ್ಟುಕೊಳ್ಳುತ್ತವೆ. ಡೈನೋಸಾರ್‌ಗಳದ್ದು ಯಾವ ರಕ್ತವೆಂದು ವಿಜ್ಞಾನಿಗಳೇ ಇನ್ನೂ ಜಗಳವಾಡುತ್ತಿದ್ದರು.

ಮರುದಿನ ಅವನು ಬರಲಿಲ್ಲ. ಶಾಲೆ ಬಿಟ್ಟ ಮೇಲೆ ಅವಳೇ ದೋಣಿ ನಿಲ್ಲುವ ದಡಕ್ಕೆ ಹೋದಳು.

"ಬೋರ್ಡು ನಿಮ್ಗೆ ಬೇಕಾದ ಹಾಗೆ ಬರೆಸಿ," ಎಂದ ಅವನು, ದೋಣಿಗೆ ಬಣ್ಣ ಬಳಿಯುತ್ತಾ, ತಿರುಗದೆ. "ನಾನು ನಾಳೆ ಮಲ್ಪೆಗೆ ಹೋಗ್ತೆ. ಅಲ್ಲೇ ಕೆಲ್ಸ ಸಿಕ್ಕಿದೆ."

"ಗೇದರದ ಬಗ್ಗೆ ನೀವು ಹೇಳಿದ್ದೇ ಸರಿ. ತಪ್ಪು ನಂದು... ನನ್ನ ಅಮ್ಮನೂ ಮೀನು ಮಾರ್ತಾರೆ. ಬುಟ್ಟಿ ಹೊತ್ತೇ ನನ್ನ ಓದಿಸಿದ್ದು. ಮುಚ್ಚಿಟ್ಟು ಮುಚ್ಚಿಟ್ಟು ಸಾಕಾಗಿಹೋಯ್ತು ಜಗದೀಶ!"

ಅವನು ತಿರುಗಿದ.

"ಇದನ್ನ ನಂಗೆ ಎಂತಕೆ ಹೇಳ್ತ್ರಿ?"

"ನೀವು ಹೋದ್ರೆ ನಂಗೆ ತಡ್ಕೊಳ್ಳೂಕಾಗೂದಿಲ್ಲ. ಅದಕ್ಕೆ!"

ಅವನು ಕೈಯಲ್ಲಿದ್ದ ಕುಂಚವನ್ನು ಬಣ್ಣದ ಡಬ್ಬಿಯ ಮೇಲಿಟ್ಟ.

"ಆತು, ಮಲ್ಪೆ ಬೇಡ. ಆದಿತ್ಯವಾರ ಅಮ್ಮ ಮನೇಲಿ ಇರ್ತಾರಾ?"

"ಇಲ್ಲ, ಭಟ್ಕಳದ ಮೀನುಪೇಟೇಲಿರ್ತಾರೆ."

"ಹಾಗಾರೆ ಪೇಟೆಗೇ ಬರ್ತೆ."

"ಬನ್ನಿ. ನಾನೂ ಅಮ್ಮನ ಪಕ್ಕದಲ್ಲೇ ಕೂತಿರ್ತೆ," ಎಂದಳು ವನಮಾಲಾ.