ಮೂವತ್ತೆರಡು ಅಕ್ಷರದ ಜಾಗ

"ಮೇಡಂ, ಲ್ಯಾಪ್‌ಟಾಪ್ ಕೆಳಗಿಟ್ಟು ಹೊರಗೆ ನಡೀರಿ!"

ಕಂಪನಿಯ ಕೆಳಮಹಡಿಯಲ್ಲಿ ಸೆಕ್ಯುರಿಟಿಯವನು ನನ್ನ ರಟ್ಟೆ ಹಿಡಿದಿದ್ದ. ಕೈಯಲ್ಲ ಅದು, ಇಕ್ಕಳ!

ಗಡಿಯಾರದಲ್ಲಿ ಹನ್ನೊಂದು ಐವತ್ತು. ಹನ್ನೆರಡಕ್ಕೆ ಸರಿಯಾಗಿ ಹೊಸ ಸಾಫ್ಟ್‌ವೇರ್ ನಲವತ್ತು ಆಸ್ಪತ್ರೆಗಳ ಡ್ರಿಪ್ ಪಂಪುಗಳಿಗೆ ಇಳಿಯಲಿತ್ತು. ಎಳೆಗೂಸುಗಳ ಮೈಗೆ ಹನಿಹನಿಯಾಗಿ ಔಷಧಿ ಬಿಡುವ ಪಂಪುಗಳು.

ಕೇಳಿ, ಕೋಡಿನಲ್ಲಿ ಅಪಾಯದ ಫಂಕ್ಷನ್ ಹುಡುಕುವುದು ನನ್ನ ಕಸುಬು. ಪ್ರೋಗ್ರಾಂ ಓಡಿಸುವುದೇ ಬೇಡ... ನನ್ನ ಸ್ಕ್ಯಾನರ್ ಕೋಡನ್ನು ಸಾಲು ಸಾಲಾಗಿ ಓದಿ ಕಳ್ಳನನ್ನು ತೋರಿಸುತ್ತದೆ. ಈ ಸಲ ತೋರಿಸಿದ್ದು ಒಂದು ಸ್ಟ್ರಿಂಗ್ ಕಾಪಿ, ಅಂದರೆ ಅಕ್ಷರಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ನಕಲಿಸುವ ಫಂಕ್ಷನ್. ಅಳತೆ ನೋಡದೆ ಅಕ್ಷರ ಸುರಿಯುವಂಥದ್ದು. ರೋಗಿಯ ಹೆಸರಿಗೆ ಇದ್ದ ಜಾಗ ಮೂವತ್ತೆರಡು ಅಕ್ಷರ. ಅದಕ್ಕಿಂತ ಹೆಚ್ಚಾದರೆ ಪಕ್ಕದ ಮೆಮೊರಿಗೆ ತುಳುಕುತ್ತದೆ...

ಪಂಪು ನಿಲ್ಲುತ್ತದೆ!

ಮೂರು ವಾರದಲ್ಲಿ ಒಂಬತ್ತು ಸಲ ಹೇಳಿದೆ. ಒಂಬತ್ತು ಸಲವೂ ಮ್ಯಾನೇಜರ್ ಆ ಎಚ್ಚರಿಕೆಯ ಮೇಲೆ 'ಇಗ್ನೋರ್' ಒತ್ತಿ ಕೆಂಪನ್ನು ಹಸಿರು ಮಾಡಿದ. ಇವತ್ತು ನನ್ನನ್ನೇ ಹೊರಗೆ ಹಾಕಿಸುತ್ತಿದ್ದ.

"ಅಣ್ಣಾ, ನಿಮಗೆ ಮಕ್ಕಳಿದ್ದಾರಾ?"

"ಅವಳಿ."

"ಹುಟ್ಟಿದಾಗ ಆಸ್ಪತ್ರೆಯಲ್ಲಿ ಏನಂತ ಹೆಸರು ಬರೆದಿದ್ರು?"

"ಹೆಸರೆಲ್ಲಿತ್ತು? ಅವರಮ್ಮನ ಹೆಸರು, ನನ್ನ ಹೆಸರು, ಎರಡನೇ ಗಂಡು ಮಗು ಅಂತ... ಕೈಪಟ್ಟಿ ಸಾಲದೆ ಹಿಂದಕ್ಕೂ ಬರೆದಿದ್ರು!"

"ಅಷ್ಟು ಉದ್ದದ ಹೆಸರು ಹಾಕಿದ್ರೆ ಮಕ್ಕಳಿಗೆ ಔಷಧಿ ಬಿಡೋ ನಮ್ಮ ಪಂಪು ನಿಂತೇ ಹೋಗುತ್ತೆ."

ಇಕ್ಕಳ ಸಡಿಲವಾಯಿತು.

ಓಡಿದೆ! ಮೂರು ಮಹಡಿ ಮೆಟ್ಟಿಲು. ಮೊಣಕಾಲು ಬಡಿಯಿತು. ಲ್ಯಾಬಿನ ಬಾಗಿಲು ಭುಜದಿಂದಲೇ ತಳ್ಳಿದೆ. ಮ್ಯಾನೇಜರನ ಬೆರಳು ಬಿಡುಗಡೆಯ ಬಟನ್ ಮೇಲಿತ್ತು.

"ಮತ್ತೆ ನೀವಾ? ನಿಮಗೆ ಹೇಳಿ ಹೇಳಿ ನಂಗೆ ಸಾಕಾಯ್ತು!"

"ನಂಗೂ ಸಾಕಾಯ್ತು ಸಾರ್. ಒಂದೇ ಒಂದು ಸಲ... ರೋಗಿಯ ಹೆಸರಿನ ಜಾಗದಲ್ಲಿ ನಿಮ್ಮ ಹೆಸರು ಟೈಪ್ ಮಾಡಿ. ಬಾಗಿಲ ಮೇಲೆ ಹಾಕಿಸಿದ್ದೀರಲ್ಲ, ಹಾಗೇ. ಡಿಗ್ರಿ ಸಮೇತ!"

ಹೊಸ ಸಾಫ್ಟ್‌ವೇರ್ ಹಾಕಿದ್ದ ಪರೀಕ್ಷೆಯ ಪಂಪನ್ನು ಅವನ ಮುಂದೆ ನೂಕಿದೆ. ಡಿಗ್ರಿ ಅಂದಮೇಲೆ ಬಿಡುತ್ತಾನೆಯೇ? ಪಟಪಟನೆ ಒತ್ತಿದ. ಎರಡನೇ ಡಿಗ್ರಿಯ ನಡುವೆ ಪರದೆ ಕಪ್ಪಾಯಿತು. ಹನಿ ನಿಂತಿತು. ಅಲಾರಂ ಕೂಡ ಕೂಗಲಿಲ್ಲ.

ಹನ್ನೊಂದು ಐವತ್ತೆಂಟು.

ಮ್ಯಾನೇಜರ್ ಹಣೆ ಒರೆಸಿಕೊಂಡ. ಯೋಚಿಸಿದ. ಈಗಲಾದರೂ ನಿಲ್ಲಿಸುತ್ತಾನೆ ಎಂದುಕೊಂಡೆ...

"ಹೆಸರು ಚಿಕ್ಕದಾಗಿ ಬರೀರಿ ಅಂತ ಆಸ್ಪತ್ರೆಯವರಿಗೇ ಒಂದು ಮೇಲ್ ಹಾಕಿಬಿಟ್ರೆ?"

ನಾನು ಬಗ್ಗಿ, ಸಾಫ್ಟ್‌ವೇರ್ ಕಳಿಸಬೇಕಿದ್ದ ಸರ್ವರಿನ ಕೇಬಲ್ ಕಿತ್ತು ನನ್ನ ಚೀಲಕ್ಕೆ ತುರುಕಿದೆ.

"ಹಾಕಿ ಸಾರ್... ನೆಟ್ ಬಂದಮೇಲೆ."